ಹಾಡಿಗಾಗಿ ಕಾದ ಧಾರಾವಾಹಿ

ಗಣಿತ ಸ್ಪರ್ಧೆಯ ತಂಡ ಬಿಟ್ಟು ಹಿಂದಿನ ಬೆಂಚಿನ ಪಡ್ಡೆ ಹುಡುಗರ ಸಂಗ ಸೇರುವ ಜಾಣೆ ಲಿಂಡ್ಸೆ! ಮೇಷ್ಟರಾದವರಿಗೆ ಇಂಥವರು ಪರಿಚಿತರೇ. ಇದು 1980ರ ಮಿಷಿಗನ್ ಹೈಸ್ಕೂಲೊಂದರ ಕಥೆ ಹೇಳುವ ಅಮೆರಿಕದ ‘ಫ್ರೀಕ್ಸ್ ಅಂಡ್ ಗೀಕ್ಸ್’ ಧಾರಾವಾಹಿ. 1999ರಲ್ಲಿ ಆರಂಭಿಸಿದ ಎನ್‌ಬಿಸಿ, 18 ಕಂತುಗಳಲ್ಲಿ 12 ತೋರಿಸುವಷ್ಟರಲ್ಲೇ ರದ್ದು ಮಾಡಿತು.

ಡಿವಿಡಿ ಬಂದದ್ದು 2004ಕ್ಕೆ. ತಡವೇಕೆ? ಕಂತುಕಂತಿಗೂ ಆ ಕಾಲದ ರಾಕ್ ಹಾಡುಗಳಿವೆ. ಟಿ.ವಿ.ಗೆಂದು ಪಡೆದ ಹಕ್ಕು ಡಿಸ್ಕಿಗೆ ಸಲ್ಲದು, ಮತ್ತೆ ಹಣ ತೆರಬೇಕು. ಬೇರೆ ಅಗ್ಗದ ಹಾಡು ತುಂಬಬಹುದಿತ್ತು. ತಯಾರಿಸಿದವರು ಒಪ್ಪದೆ ಕಾದರು. ಸರಿಯೇ. 1980 ಎಂದು ಬೋರ್ಡಿನ ಮೇಲೆ ಬರೆದರೆ ಸಾಕೆ? ಆ ವರ್ಷ ಕಿವಿಗೂ ಬೀಳಬೇಡವೆ? ಅಭಿಮಾನಿಗಳೂ ಸಹಿ ಸಂಗ್ರಹಿಸಿದರು. ಕೊನೆಗೆ ‘ಶೌಟ್ ಫ್ಯಾಕ್ಟರಿ’ ಎಂಬ ಕಂಪನಿ ಮೂಲ ಹಾಡುಗಳ ಸಮೇತ 18 ಕಂತುಗಳನ್ನೂ ಹೊರತಂದಿತು.