ಸಾಲ ತೀರಿಸುವವನ ಮೊದಲ ಹಕ್ಕು

ಮಲೆನಾಡಿನ ಅಡಿಕೆ ಬೆಳೆಗಾರನಿಗೂ ಮಂಡಿಯ ಸಾಹುಕಾರನಿಗೂ ನಡುವಣ ಲೆಕ್ಕ ಒಂದೇ ಬಾಬ್ತಿನದಾಗಿರುವುದು ಅಪೂರ್ವ. ಗೊಬ್ಬರದ ಉದ್ರಿ, ಮಳೆಗಾಲದ ಕೈಗಡ, ಮಗಳ ಮದುವೆಗೆಂದು ನೋಟು ಬರೆದುಕೊಟ್ಟು ತಂದ ಸಾಲ, ಇವೆಲ್ಲವೂ ಒಂದೇ ಖಾತೆಪುಸ್ತಕದಲ್ಲಿ ಕೂಡಿಕೊಂಡಿರುತ್ತವೆ. ಫಸಲು ಮಾರಿದ ದಿನ ಬೆಳೆಗಾರನು ನೋಟುಗಳನ್ನು ಎಣಿಸಿಟ್ಟು, “ಜಮಾ ಮಾಡಿಕೊಳ್ಳಿ ಸಾಹುಕಾರ್ರೆ” ಎಂದಷ್ಟೇ ಹೇಳಿ ಎದ್ದುಬರುತ್ತಾನೆ. ಯಾವ ಸಾಲಕ್ಕೆಂಬುದನ್ನು ಆತನು ಹೇಳುವುದೂ ಇಲ್ಲ, ಕೇಳುವುದೂ ಇಲ್ಲ. ಈ ಮೌನದಿಂದ ಆತನಿಗೊದಗುವ ನಷ್ಟ ಸಣ್ಣದಲ್ಲ.

ಹಲವು ಸಾಲಗಳುಳ್ಳ ಋಣಿಯು, ತಾನು ಕೊಡುವ ಹಣ ಇಂಥ ಸಾಲಕ್ಕೇ ಸಲ್ಲತಕ್ಕದ್ದೆಂದು ಕೊಡುವಾಗಲೇ ತಿಳಿಸಿದಲ್ಲಿ, ಆ ಹಣವನ್ನು ಸ್ವೀಕರಿಸಿದ ಸಾಹುಕಾರನು ಅದರಂತೆಯೇ ಜಮಾ ಮಾಡಬೇಕೆಂದು 1872ರ ಭಾರತೀಯ ಕರಾರು ಅಧಿನಿಯಮದ 59ನೆಯ ಪ್ರಕರಣವು ವಿಧಿಸುತ್ತದೆ. ನೋಟಿನ ಮೊತ್ತವನ್ನೇ ಸರಿಯಾಗಿ ವಾಯಿದೆಯ ದಿನದಂದು ತಂದುಕೊಟ್ಟರೆ, ಆ ಸಂದರ್ಭವೇ ಆತನ ಪರವಾಗಿ ನುಡಿಯುತ್ತದೆ. ಇಂಥ ಸೂಚನೆ ಯಾವುದೂ ಇಲ್ಲದಿದ್ದರೆ, ಮುಂದಿನ ಪ್ರಕರಣದ ಮೇರೆಗೆ ಆಯ್ಕೆ ಸಾಹುಕಾರನದಾಗುತ್ತದೆ. ಕಾಲಮಿತಿ ಮೀರಿ, ದಾವೆ ಹೂಡಿ ವಸೂಲು ಮಾಡಲಾಗದ ಹಳೆಯ ಬಾಕಿಗೂ ಆತನು ಅದನ್ನು ಸಲ್ಲಿಸಿಕೊಳ್ಳಬಹುದು.

ಗೊಬ್ಬರದ ಬಾಕಿ 18,000 ರೂಪಾಯಿ ಕಾಲಮಿತಿ ಮೀರಿದ್ದು, ಈ ವರ್ಷದ ನೋಟಿನ ಸಾಲ 30,000 ಇದೆಯೆಂದುಕೊಳ್ಳೋಣ. ಬೆಳೆಗಾರನು 20,000 ಕೊಟ್ಟು, ನೋಟಿಗೆ ಇನ್ನು ಹತ್ತೇ ಸಾವಿರವೆಂದು ನೆಮ್ಮದಿಯಿಂದಿರುವಾಗ, ಸಾಹುಕಾರನು ಹಳೆಯ ಬಾಕಿಯನ್ನು ಪೂರ್ತಿ ಚುಕ್ತಾ ಮಾಡಿಕೊಂಡು, ಉಳಿದ 2,000ವನ್ನು ನೋಟಿಗೆ ಹಾಕಿ, ಬಡ್ಡಿಯ ಮಾತು ಹಾಗಿರಲಿ, ಅಸಲು 28,000ಕ್ಕೇ ದಾವೆ ಹೂಡಬಹುದು. ಇದು ಮೋಸವಲ್ಲ, ಶಾಸನವೇ ಕೊಟ್ಟ ಅಧಿಕಾರ.

ಹಳೆಯ ಸಾಲವನ್ನು ತೀರಿಸಬಾರದೆಂದು ನಾನು ಹೇಳುತ್ತಿಲ್ಲ. ಕಾಲಮಿತಿ ಮೀರಿದರೂ ಕೊಟ್ಟ ಮಾತನ್ನು ನಡೆಸುವ ಮರ್ಯಾದಸ್ಥರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅದು ಅವರು ತಿಳಿದು ಮಾಡುವ ಕೆಲಸವಾಗಿರಬೇಕಲ್ಲದೆ, ಅವರ ಅರಿವಿಗೆ ಬಾರದೆ ಲೆಕ್ಕದ ಪುಸ್ತಕದಲ್ಲಿ ನಡೆದುಹೋಗಬಾರದು.

ಸಾಲದ ಪೂರ್ಣ ಮೊತ್ತಕ್ಕಿಂತ ಕಡಿಮೆ ಹಣ ಪಡೆದು ಚುಕ್ತಾ ಎಂದು ಒಪ್ಪಿಕೊಂಡರೆ ಸಾಲವೇ ತೀರಿತೆನ್ನುವಷ್ಟು ಉದಾರವಾದ 63ನೆಯ ಪ್ರಕರಣವೂ ಇದೇ ಅಧಿನಿಯಮದಲ್ಲಿದೆ. ಅದರ ಪ್ರಯೋಜನವೂ, ಸಾಕ್ಷ್ಯದ ದೃಷ್ಟಿಯಿಂದ, ರಸೀದಿಯ ಮೇಲಣ ಬರವಣಿಗೆಯನ್ನೇ ಬಹುಮಟ್ಟಿಗೆ ಅವಲಂಬಿಸಿದೆ.

ಆದುದರಿಂದ ಮಂಡಿಯ ಪ್ರತಿಯೊಂದು ರಸೀದಿಯಲ್ಲೂ ‘ಯಾವ ಬಾಬ್ತಿಗೆ’ ಎಂಬ ಅಂಕಣವಿರಬೇಕು. ಅದನ್ನು ಹಣ ಕೊಡುವವನ ಮಾತಿನಂತೆಯೇ ತುಂಬಬೇಕು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳು ಮನಸ್ಸು ಮಾಡಿದರೆ ಇದು ಕಷ್ಟವಲ್ಲ. ಮೊಬೈಲಿನಲ್ಲಿ ಹಣ ಕಳುಹಿಸುವವರು ಅಲ್ಲಿರುವ ಟಿಪ್ಪಣಿಯ ಜಾಗದಲ್ಲಿ ‘ಮದುವೆ ಸಾಲದ ನೋಟಿಗೆ’ ಎಂದು ಇಂದೇ ಬರೆಯತೊಡಗಬಹುದು.