ಬೈಗುಳಕ್ಕೂ ಒಂದು ಊರಿರುತ್ತೆ

ಹೋದ ವರ್ಷ ಡಿಸೆಂಬರ್‌ನಲ್ಲಿ ವಾಟ್ಸಾಪ್‌ಗೆ ಒಂದು ಪಿಡಿಎಫ್ ಬಂತು. ಪರಿಚಯದ ನಿರ್ದೇಶಕನೊಬ್ಬ ವೆಬ್ ಸೀರೀಸ್ ಬರೆದಿದ್ದ. ಕಥೆ ನಡೆಯೋದು ನಮ್ಮೂರು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ. ಜೊತೆಗೊಂದು ವಾಯ್ಸ್ ನೋಟ್: "ಗುರೂ, ನೀನು ಆ ಕಡೆಯವನಲ್ವಾ, ಡೈಲಾಗ್‌ಗೆ ಒಂಚೂರು ನಿಮ್ ಕಡೆ ಖಾರ ಹಾಕ್ಕೊಡು. ಬೈಗುಳ ಮಾತ್ರ ಪಕ್ಕಾ ಆಥೆಂಟಿಕ್ ಆಗಿರ್ಬೇಕು, ನೋ ಕಾಂಪ್ರಮೈಸ್."

ಮೊದಲು ಖಾರದ ವಿಷಯ ಮುಗಿಸಿಬಿಡ್ತೀನಿ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಮ್ಮಿ ಸ್ವಾಮಿ. ಅದು ಹೆಸರು ಮಾಡಿದ್ದು ಬಣ್ಣಕ್ಕೆ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆ ಬಣ್ಣ ತೆಗೆದು ತಿನ್ನೋ ಪದಾರ್ಥಕ್ಕೂ ಹಾಕ್ತಾರೆ, ಲಿಪ್‌ಸ್ಟಿಕ್‌ಗೂ ಹಾಕ್ತಾರೆ. ಉತ್ತರ ಕರ್ನಾಟಕ ಅಂದ ತಕ್ಷಣ ಖಾರ ಅಂತ ಬರೆಯೋರು ನಮ್ಮ ಮೆಣಸಿನಕಾಯಿಯನ್ನೂ ತಿಂದಿಲ್ಲ, ನಮ್ಮ ಬೈಗುಳವನ್ನೂ ತಿಂದಿಲ್ಲ.

ಸ್ಕ್ರಿಪ್ಟ್ ಓದಿದೆ. ಮೊದಲ ಎಪಿಸೋಡಿನಲ್ಲೇ 41 ಬೈಗುಳ. ಎಣಿಸಿದ್ದೀನಿ, ಹಗಲು ಹೊತ್ತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋ ಮನುಷ್ಯ ನಾನು, ಎಣಿಸೋದು ಚಟ. ಮೊದಲ ದೃಶ್ಯದಲ್ಲಿ ಹೀರೋನ ಅಪ್ಪ ತೀರಿಕೊಳ್ತಾನೆ. ಎರಡನೇ ದೃಶ್ಯ ಹದಿನೈದು ದಿನದ ನಂತರ, ಚಹಾದ ಅಂಗಡಿ. ಬಾಲ್ಯದ ಗೆಳೆಯ ಬಂದು ಹೀರೋನ ಬೆನ್ನಿಗೆ ಗುದ್ದಿ ಹೇಳ್ತಾನೆ: "ಏನಲೇ ಬೋಳಿಮಗನ, ಎಲ್ಲಿಗೆ ಹೊಂಟಿ?" ಅದರ ಕೆಳಗೆ ಬ್ರ್ಯಾಕೆಟ್‌ನಲ್ಲಿ: ಇಬ್ಬರೂ ನಗುತ್ತಾರೆ.

ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಯಾಕೆ ಅಂತ ಹೇಳ್ತೀನಿ. ನಾನು ಎರಡನೇ ಪಿಯುಸಿಯಲ್ಲಿದ್ದಾಗ ನಮ್ಮಪ್ಪ ತೀರಿಹೋದರು. ಅಲ್ಲಿವರೆಗೆ ನನಗೂ ನನ್ನ ಜೀವದ ಗೆಳೆಯನಿಗೂ ಮಧ್ಯೆ ಹೆಸರೇ ಇರಲಿಲ್ಲ. ಏಳನೇ ಕ್ಲಾಸಿನಿಂದ ಅವನಿಗೆ ನಾನು ಬೋಳಿಮಗ, ನನಗೆ ಅವನು ಬೋಳಿಮಗ. ಅರ್ಥ ಯಾರಿಗೆ ಗೊತ್ತಿತ್ತು? ದಿನಕರ್ಮ ಎಲ್ಲ ಮುಗಿದು ನಾನು ಮೊದಲ ಸಲ ಬಸ್‌ಸ್ಟ್ಯಾಂಡ್ ಕಡೆ ಹೋದಾಗ ಅವನು ದೂರದಿಂದಲೇ ಕೂಗಿದ: "ಏನಲೇ ಬೋ..." ಅಷ್ಟಕ್ಕೇ ನಿಲ್ಲಿಸಿದ. ಒಂದು ಕ್ಷಣ ಅವನ ಬಾಯಿ ತೆರೆದೇ ಇತ್ತು. ಆಮೇಲೆ, "ಏನಲೇ ಮಂಗ್ಯಾನಮಗನ, ಚಾ ಕುಡಿಯೂಣು ಬಾ" ಅಂದ.

ಇವತ್ತಿನವರೆಗೆ ಅವನ ಬಾಯಲ್ಲಿ ಆ ಪದ ನನ್ನ ಕಡೆಗೆ ಬಂದಿಲ್ಲ. ಅದರ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿಲ್ಲ. ನನಗೆ ಆ ಪದದ ಅರ್ಥ ಗೊತ್ತಾಗಿದ್ದು ಡಿಕ್ಷನರಿಯಿಂದಲ್ಲ. ಅವನು ನುಂಗಿಕೊಂಡ ಅರ್ಧ ಪದದಿಂದ.

ಬೋಳಿ ಅಂದರೆ ತಲೆ ಬೋಳಿಸಿದ ಹೆಂಗಸು, ವಿಧವೆ. ಕೆಲವು ಜಾತಿಗಳಲ್ಲಿ ಗಂಡ ಸತ್ತವಳ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಮೂಲೆಗೆ ಕೂರಿಸ್ತಿದ್ದರು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದವರಿಗೆ, ಪ್ರೇಮಾ ಕಾರಂತರ ಸಿನಿಮಾ ನೋಡಿದವರಿಗೆ ಆ ತಲೆ ನೆನಪಿರುತ್ತೆ. ಪದ್ಧತಿ ಹೋಯ್ತು. ಪದ ಮಾತ್ರ ಎಲ್ಲ ಜಾತಿಯವರ ಬಾಯಿಗೂ ಬಂದು ಕೂತಿತು. ಅಪ್ಪ ಇಲ್ಲದವನಿಗೆ ಅದನ್ನು ಅಂದರೆ ಅದು ಬೈಗುಳ ಅಲ್ಲ, ಅವರವ್ವನ ಹಣೆ ಮುಟ್ಟಿ ತೋರಿಸಿದ ಹಾಗೆ.

ಈಗ ಆ ಸ್ಕ್ರಿಪ್ಟಿಗೆ ಬನ್ನಿ. ಅಪ್ಪ ಸತ್ತು ಹದಿನೈದು ದಿನ. ಬಾಲ್ಯದ ಗೆಳೆಯ. ಬೋಳಿಮಗನ. ಇಬ್ಬರೂ ನಗುತ್ತಾರೆ.

ಫೋನ್ ಮಾಡಿ ಹೇಳಿದೆ. "ಅಯ್ಯೋ ಅಷ್ಟೆಲ್ಲಾ ಯಾರು ಯೋಚ್ನೆ ಮಾಡ್ತಾರೆ ಗುರೂ? ಫ್ರೆಂಡ್ಸ್ ಹಂಗೇ ಮಾತಾಡೋದು. ನಿಜಜೀವನದಲ್ಲಿ ಬೈಯಲ್ವಾ?" ಅಂದ. ಬೈತಾರೆ ಮಾರಾಯ. ಆದರೆ ನಿಜಜೀವನದಲ್ಲಿ ಎಲ್ಲಿ ನಿಲ್ಲಿಸ್ತಾರೆ ಅನ್ನೋದು ನಿನ್ನ ಸ್ಕ್ರಿಪ್ಟಿಗೆ ಗೊತ್ತಿಲ್ಲ. ನನ್ನ ಜಗಳ ಇರೋದು ಅಲ್ಲಿ.

ಇಷ್ಟು ಓದಿದ ತಕ್ಷಣ ಒಂದು ಗುಂಪು ಖುಷಿಯಾಗಿ ನನ್ನ ಬೆನ್ನು ತಟ್ಟೋಕೆ ಬರುತ್ತೆ. "ಸರಿಯಾಗಿ ಹೇಳಿದ್ರಿ ಸಾರ್, ಸಿನಿಮಾದಲ್ಲಿ ಬೈಗುಳವೇ ಬೇಡ, ನಮ್ಮ ಸಂಸ್ಕೃತಿ..." ದಯವಿಟ್ಟು ನೀವು ದೂರ ನಿಲ್ಲಿ, ನಾನು ನಿಮ್ಮ ಪಾರ್ಟಿ ಅಲ್ಲ. ಹೋಳಿ ಹುಣ್ಣಿಮೆಗೆ ಬಾಯಿ ಬಡ್ಕೊಂಡು ಬೈಯೋದನ್ನೇ ಹಬ್ಬ ಮಾಡಿಕೊಂಡ ಊರಿನವನು ನಾನು. ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರೋ ಹೆಂಗಸರ ಹಾಡು ಕೇಳಿ ಬೆಳೆದವನು. ಸಂಸ್ಕೃತಿ ಅಂದರೆ ಬಾಯಿ ತೊಳೆದುಕೊಂಡಿರೋದು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಕೋರ್ಟಿಗೂ ಇದು ಗೊತ್ತಿದೆ. 'ಬ್ಯಾಂಡಿಟ್ ಕ್ವೀನ್' ಸಿನಿಮಾದ ಕೇಸಿನಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್, ಇಂಥ ಮಾತು ಊರುಕೇರಿಯಲ್ಲಿ ದಿನಾ ಕೇಳಿಸುವಂಥದ್ದೇ, ಸಿನಿಮಾದಲ್ಲಿ ಕೇಳಿದ ಮಾತ್ರಕ್ಕೆ ದೊಡ್ಡವರು ಯಾರೂ ಕೆಡೋದಿಲ್ಲ ಅನ್ನೋ ಅರ್ಥದಲ್ಲಿ ಹೇಳಿತ್ತು. ಆದರೂ 2015ರಲ್ಲಿ ಸೆನ್ಸಾರ್ ಮಂಡಳಿಯ ಕಡೆಯಿಂದ ನಿಷೇಧಿತ ಬೈಗುಳಗಳ ಒಂದು ಪಟ್ಟಿಯೇ ಹೊರಬಿತ್ತು, ಇಂಗ್ಲಿಷು ಹಿಂದಿ ಎರಡೂ ಸೇರಿಸಿ. ಗಲಾಟೆಯಾಗಿ ಅದನ್ನು ತಡೆಹಿಡಿದರು. ಪಟ್ಟಿ ಹೋದರೂ ಮ್ಯೂಟ್ ಬಟನ್ ಹೋಗಲಿಲ್ಲ. ಥಿಯೇಟರ್‌ನಲ್ಲಿ ಶಬ್ದ ನಿಲ್ಲುತ್ತೆ, ಹೀರೋ ತುಟಿ ಅಲ್ಲಾಡುತ್ತೆ, ಇಡೀ ಬಾಲ್ಕನಿ ಒಟ್ಟಾಗಿ ಆ ಪದ ತುಂಬಿಸುತ್ತೆ. ಕನ್ನಡಿಗರಿಗೆ ತುಟಿ ಓದೋದು ಕಲಿಸಿದ ಪುಣ್ಯ ಸೆನ್ಸಾರಿಗೇ ಸಲ್ಲಬೇಕು.

ಇನ್ನು ಸಿನಿಮಾದವರೇ ಕಂಡುಹಿಡಿದ ದಾರಿ, 'ಬಡ್ಡಿಮಗ'. ಎಲ್ಲ ರೌಡಿಗಳೂ ಅದನ್ನೇ ಹೇಳ್ತಾರೆ, ಅಪ್ಪಂದಿರೂ ಹೇಳ್ತಾರೆ. ನಮ್ಮ ಮಾರುಕಟ್ಟೆಗೆ ಬಂದು ಕೇಳಿ. ಅಲ್ಲಿ ಬಡ್ಡಿ ಅಂದರೆ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಬೈಗುಳ, ಅದಕ್ಕೆ ಮಗ ಬೇರೆ ಬೇಕಾಗಿಲ್ಲ.

ಹಾಗಾಗಿ ಮುಚ್ಚಿಡೋರ ಸುಳ್ಳು ನನಗೆ ಹೊಸದಲ್ಲ. ಹೊಸದು ಬಿಚ್ಚಿಡೋರ ಸುಳ್ಳು. ಒಟಿಟಿಗೆ ಸೆನ್ಸಾರ್ ಮಂಡಳಿ ಇಲ್ಲ. 2021ರ ನಿಯಮದ ಪ್ರಕಾರ ಅವರೇ ವಯಸ್ಸಿನ ಲೇಬಲ್ ಅಂಟಿಸಿ ಬಿಡುಗಡೆ ಮಾಡಬಹುದು. ಸ್ವಾತಂತ್ರ್ಯ ಸಿಕ್ಕಿತು, ಒಳ್ಳೇದೇ. ಆದರೆ 2018ರಲ್ಲಿ 'ಸೇಕ್ರೆಡ್ ಗೇಮ್ಸ್', 'ಮಿರ್ಜಾಪುರ್' ಬಂದ ಮೇಲೆ ನಮ್ಮವರು ಅಲ್ಲಿಂದ ಕಲಿತಿದ್ದು ಒಂದೇ, ಸಾಲಿಗೊಂದು ಬೈಗುಳ. ಹಿಂದಿಯಲ್ಲಿ ಎಲ್ಲಿ ಬೈತಾರೋ ಅಲ್ಲಿ ಕನ್ನಡದ್ದು ಹಾಕೋದು. ಬೆಂಗಳೂರು ರೌಡಿ ಬಾಯಿಂದ ತೆಗೆದು ಕೊನೆಗೆ ಒಂದು 'ಲೇ' ಸೇರಿಸಿದರೆ ಉತ್ತರ ಕರ್ನಾಟಕ ಆಯ್ತು. ಇಷ್ಟು ದಿನ ನಮ್ಮ ಭಾಷೆ ಸಿನಿಮಾದಲ್ಲಿ ನಗಿಸೋ ಕೆಲಸ ಮಾಡ್ತಿತ್ತು. ಈಗ ಅದಕ್ಕೆ ಪ್ರಮೋಷನ್, ಬೈಯೋ ಕೆಲಸ.

ಮಾರುಕಟ್ಟೆಯಲ್ಲಿ ನಿಜವಾಗಿ ಏನು ಕೇಳಿಸುತ್ತೆ? ಸಂಕ್ರಾಂತಿಗೆ ಊರಿಗೆ ಹೋದವನು ಒಂದು ಸೋಮವಾರ ಎಪಿಎಂಸಿಯಲ್ಲಿ ಬೆಳಗಿನಿಂದ ಸಂಜೆತನಕ ಸುಮ್ಮನೆ ಕೂತಿದ್ದೆ. ಸೀಸನ್ ಟೈಮು, ಎತ್ತ ನೋಡಿದರೂ ಚೀಲ, ಸೀನು ನಿಲ್ಲೋದಿಲ್ಲ. ಬ್ಯಾಡಗಿ ಸುತ್ತಮುತ್ತಲಿನವರಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನವರೂ ಅಲ್ಲಿಗೆ ಮಾಲು ತರ್ತಾರೆ. ಕರ್ನೂಲಿನವನಿಗೆ ಸಿಟ್ಟು ಬಂದರೆ ತೆಲುಗಿನಲ್ಲೇ ಬರುತ್ತೆ. ಸ್ಕ್ರಿಪ್ಟಿನಲ್ಲಿ ಮಾತ್ರ ಇಡೀ ಯಾರ್ಡಿಗೆ ಒಂದೇ ಬಾಯಿ.

ನೆರಳಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸೋ ಹೆಂಗಸರ ಹತ್ತಿರ ಹೋಗಿ. ಅವರ ಬೈಗುಳದ ವ್ಯಾಕರಣವೇ ಬೇರೆ. "ನಿನ್ನ ಬಾಯಾಗ ಮಣ್ಣ ಬೀಳ್ಲಿ." "ನಿನಗ ವಾಂತಿಬ್ಯಾನಿ ಬರ್ಲಿ." ಎಲ್ಲ 'ಲಿ' ಮೇಲೆ ನಿಂತಿದೆ. ಗಂಡಸರು ಎದುರಿನವನ ಅವ್ವ ಅಕ್ಕನ ಮೇಲೆ ಹೋಗ್ತಾರೆ. ಹೆಂಗಸರು ಅವನ ಮೇಲೇ ಹೋಗ್ತಾರೆ, ರೋಗಕ್ಕೂ ಮಣ್ಣಿಗೂ ದೇವರಿಗೂ ಅವನನ್ನು ಒಪ್ಪಿಸಿಬಿಡ್ತಾರೆ. ವಾಂತಿಬ್ಯಾನಿ ಅಂದರೆ ಕಾಲರಾ, ಊರಿಗೆ ಊರೇ ಖಾಲಿ ಮಾಡಿಸ್ತಿದ್ದ ರೋಗ. ಆ ರೋಗದ ಅಬ್ಬರ ಇಳಿದರೂ ಅದರ ಹೆದರಿಕೆ ಆ ಮಾತಿನಲ್ಲಿ ಉಳಿದಿದೆ. ನಮ್ಮ ಸ್ಕ್ರಿಪ್ಟಿನ ಏಕೈಕ ಕೂಲಿ ಹೆಂಗಸು ಮಾತ್ರ ಮೆಜೆಸ್ಟಿಕ್ಕಿನ ಗಂಡಸಿನ ಹಾಗೆ ಬೈತಾಳೆ. ಅದನ್ನು 'ಸ್ಟ್ರಾಂಗ್ ವುಮನ್' ಅಂತ ಮಾರ್ಜಿನ್‌ನಲ್ಲಿ ಬರೆದಿದ್ದ.

ವ್ಯಾಪಾರಿ ಬೈತಾನಾ? ರೈತನಿಗೆ ಎದುರಾಎದುರು ಬೈದ ವ್ಯಾಪಾರಿಯನ್ನು ನಾನು ಆ ದಿನ ಒಬ್ಬನನ್ನೂ ನೋಡಲಿಲ್ಲ. ರೇಟು ಇಳಿದಷ್ಟೂ ಮರ್ಯಾದೆ ಏರುತ್ತೆ. "ಗೌಡ್ರ, ಕುಂದರ್ರಿ, ಚಾ ತಗೋರಿ. ಏನ್ ಮಾಡೂದ್ರಿ, ನಿಮ್ಮ ಮಾಲಿನ್ಯಾಗ ಬಣ್ಣಿಲ್ರಿ." ಬಣ್ಣ ಮಾರೋ ಊರಿನಲ್ಲಿ ಬಣ್ಣ ಇಲ್ಲ ಅನ್ನೋದಕ್ಕಿಂತ ದೊಡ್ಡ ಬೈಗುಳ ಯಾವುದಿದೆ? ಅದರಲ್ಲಿ ಎರಡೆರಡು 'ರಿ' ಬೇರೆ. ವರ್ಷದ ದುಡಿಮೆಯನ್ನು ಬಹುವಚನದಲ್ಲಿ ಮುಗಿಸಿಬಿಡ್ತಾರೆ. ಆ ರೈತ ಏನೂ ಅನ್ನಲಿಲ್ಲ. ಚಾ ಕುಡಿದ, ಹೊರಗೆ ಬಂದು ಟ್ರ್ಯಾಕ್ಟರ್ ಟೈರಿಗೆ ಒದ್ದು ಅದಕ್ಕೆ ಬೈದ.

2024ರ ಮಾರ್ಚ್ 11ರಂದು ಇದೇ ಯಾರ್ಡಿನಲ್ಲಿ ಬೆಲೆ ಕುಸೀತು ಅಂತ ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಟಿವಿಯಲ್ಲಿ ನೀವೂ ನೋಡಿರ್ತೀರಿ. ಸೀರೀಸಿನ ಕ್ಲೈಮ್ಯಾಕ್ಸ್ ಅದೇ. ಆದರೆ ಮೊದಲ ಐದು ನಿಮಿಷದಿಂದಲೇ ಎಲ್ಲರೂ ಎಲ್ಲರಿಗೂ ಎಲ್ಲವನ್ನೂ ಬೈದು ಮುಗಿಸಿದ್ದರೆ, ಬೆಂಕಿ ಹಚ್ಚೋ ದಿನಕ್ಕೆ ಬಾಯಲ್ಲಿ ಏನು ಉಳಿದಿರುತ್ತೆ? ಆ ದಿನದ ಸಿಟ್ಟು ಅರ್ಥ ಆಗಬೇಕಾದರೆ ಅದಕ್ಕೂ ಮುಂಚಿನ ಎಷ್ಟೋ ಸೋಮವಾರ ಆ ರೈತ ಏನೂ ಅನ್ನದೆ ಕುಡಿದ ಚಾ ತೋರಿಸಬೇಕು.

ಆಥೆಂಟಿಕ್ ಅನ್ನೋ ಪದ ಇಟ್ಟುಕೊಂಡು ಓಡಾಡೋರಿಗೆ ಇನ್ನೊಂದು ಪ್ರಶ್ನೆ. ನಮ್ಮ ಊರುಗಳಲ್ಲಿ ಅತಿ ಹೆಚ್ಚು 'ಆಥೆಂಟಿಕ್' ಬೈಗುಳ ಯಾವುದು ಗೊತ್ತಾ? ಜಾತಿ ಹೆಸರು. ಅದು ನಿಮ್ಮ ಸ್ಕ್ರಿಪ್ಟಿನಲ್ಲಿ ಯಾಕಿಲ್ಲ? ಜನರೆದುರು ದಲಿತರಿಗೆ ಜಾತಿ ಹೆಸರು ಹಿಡಿದು ಬೈದರೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ ಅನ್ನೋದು ಲಾಯರ್‌ಗೆ ಗೊತ್ತಿದೆ, ನಿಮಗೂ ಗೊತ್ತಿದೆ. ಒಳ್ಳೇದು, ಬಿಟ್ಟಿದ್ದೀರಿ. ಹಾಗಾದರೆ ನೀವು ಆಯ್ಕೆ ಮಾಡ್ತಿದ್ದೀರಿ ಅಂತಾಯ್ತು. ಕೇಸು ಬೀಳೋ ಬೈಗುಳ ಬಿಟ್ಟು, ಕೇಸು ಬೀಳದ ಬೈಗುಳ ಇಟ್ಟುಕೊಂಡಿದ್ದೀರಿ. ವಿಧವೆಗೆ, ಸೂಳೆ ಅನ್ನಿಸಿಕೊಂಡವಳಿಗೆ ಲಾಯರ್ ಇಲ್ಲ. ಆಮೇಲೆ "ಏನ್ ಮಾಡೋದು, ರಿಯಾಲಿಟಿ ಹಂಗಿದೆ" ಅನ್ನಬೇಡಿ. ರಿಯಾಲಿಟಿ ಪೆನ್ನು ಹಿಡಿಯಲ್ಲ, ಹಿಡಿದಿರೋದು ನೀವು.

ಸರಿಯಾಗಿ ಮಾಡೋಕೆ ಆಗಲ್ಲ ಅಂತಲ್ಲ. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದು ಮುಂದಿನ ವರ್ಷ ನಮ್ಮ ಥಿಯೇಟರಿಗೆ ಬಂದ 'ತಿಥಿ' ನೋಡಿ. ಶುರುವಿನಲ್ಲೇ ಸೆಂಚುರಿ ಗೌಡ ಬೀದಿಬದಿ ಕೂತು ಹೋಗೋರು ಬರೋರಿಗೆಲ್ಲ ಬೈತಾ ಇರ್ತಾನೆ. ನೂರು ದಾಟಿದ ಮುದುಕ, ಅವನಿಗೆ ಆ ಹಕ್ಕಿದೆ. ಬೈಸಿಕೊಳ್ಳೋರು ಸಿಟ್ಟಾಗಲ್ಲ. ಸ್ವಲ್ಪ ಹೊತ್ತಿಗೆ ಅವನು ಸತ್ತುಬೀಳ್ತಾನೆ, ಊರು ಒಮ್ಮೆಲೇ ಖಾಲಿ ಅನ್ನಿಸುತ್ತೆ. ಯಾರು, ಯಾರಿಗೆ, ಯಾವ ಸಲುಗೆಯಲ್ಲಿ ಅನ್ನೋದು ಬರೆದವರಿಗೆ ಗೊತ್ತಿತ್ತು. ಅಭಿನಯಿಸಿದವರು ಮಂಡ್ಯ ಸೀಮೆಯ ಹಳ್ಳಿಯವರೇ, ಬಾಯಿ ಬಾಡಿಗೆಗೆ ತಂದಿದ್ದಲ್ಲ.

ನಾನು ಸ್ಕ್ರಿಪ್ಟ್ ತಿದ್ದಿ ಕಳಿಸಿದೆ. 41 ಇದ್ದದ್ದು ಆರಾಯ್ತು. ಬೋಳಿಮಗ ಅನ್ನೋ ಪದ ತೆಗೆಯಲಿಲ್ಲ. ಚಹಾದ ಅಂಗಡಿಯಿಂದ ಎತ್ತಿ ಏಳನೇ ಎಪಿಸೋಡಿಗೆ ಹಾಕಿದೆ. ಅಲ್ಲಿ ಹೀರೋನ ಮನೆ ಬಾಗಿಲಿಗೆ ಸಾಲ ವಸೂಲಿಗೆ ಬಂದವನು, ಒಳಗೆ ಅವನವ್ವ ಇದ್ದಾಳೆ ಅಂತ ಗೊತ್ತಿದ್ದೂ, ಜೋರಾಗಿ ಅಂತಾನೆ. ಇಡೀ ಸೀರೀಸಿನಲ್ಲಿ ಒಂದೇ ಸಲ. ಒಳಗೆ ಪಾತ್ರೆ ಸಪ್ಪಳ ನಿಲ್ಲುತ್ತೆ. ಅಷ್ಟೇ ಬರೆದೆ.

ಎರಡು ದಿನದ ನಂತರ ಉತ್ತರ ಬಂತು. "ತುಂಬಾ ಸಾಫ್ಟ್ ಆಯ್ತು ಗುರೂ, ಪ್ಲಾಟ್‌ಫಾರ್ಮ್‌ನವರು ಇನ್ನೂ ರಾ ಕೇಳ್ತಿದಾರೆ." ಕೆಲಸ ಇನ್ಯಾರಿಗೋ ಹೋಯ್ತು. ಹೋಗಲಿ. ನೀವು ಅದನ್ನು ಮೊಬೈಲ್‌ನಲ್ಲಿ ನೋಡಿ, "ವಾವ್, ಉತ್ತರ ಕರ್ನಾಟಕದ ಭಾಷೆ ಎಷ್ಟು ರಾ ಆಗಿದೆ" ಅಂತ ಸ್ಟೇಟಸ್ ಹಾಕೋ ಮುಂಚೆ ನಿಮ್ಮ ಆಫೀಸಿನಲ್ಲಿರೋ ಒಬ್ಬ ಹಾವೇರಿ ಕಡೆಯವನನ್ನು ಕೇಳಿ, ಇಷ್ಟೇ ಕೋರಿಕೆ.

ಹೋದ ತಿಂಗಳು ಮತ್ತೆ ಊರಿಗೆ ಹೋಗಿದ್ದೆ. ಗೆಳೆಯ ಮನೆಗೆ ಬಂದಿದ್ದ. ಅವ್ವ ಚಾ ತಂದುಕೊಟ್ಟಳು. "ನಿನ್ನ ಸಿನಿಮಾ ಏನಾತಲೇ?" ಅಂದ. ಬೈಗುಳ ಕಮ್ಮಿ ಆತಂತ ತೆಗೆದುಹಾಕಿದರು ಅಂದೆ. ಅವನು ಅವ್ವನ ಕಡೆ ಒಮ್ಮೆ ನೋಡಿ, ಜೋರಾಗಿ ನಕ್ಕು ಅಂದ: "ಹೋಗ್ಲಿ ಬಿಡಲೇ ಮಂಗ್ಯಾನಮಗನ."