ಪ್ರಸಾದ ಮತ್ತು ದುರ್ಬಲ ದೇಹ

2024ರ ಏಪ್ರಿಲ್ ತಿಂಗಳಲ್ಲಿ, ನಗರವೆಲ್ಲ ನೀರಿನ ಟ್ಯಾಂಕರುಗಳ ದಾರಿ ಕಾಯುತ್ತಿದ್ದ ಬಿರುಬೇಸಿಗೆಯಲ್ಲಿ, ಬೆಂಗಳೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಲಯದ 40ಕ್ಕೂ ಹೆಚ್ಚು ವಿದ್ಯಾರ್ಥಿನಿಯರು ವಾಂತಿಭೇದಿಯಿಂದ ವಿಕ್ಟೋರಿಯಾ ಆಸ್ಪತ್ರೆ ಸೇರಿದರು. ಕೆಲವರಲ್ಲಿ ಕಾಲರಾ ದೃಢಪಟ್ಟಿತು. ಚಾಮರಾಜಪೇಟೆಯ ಮಗ್ಗುಲಲ್ಲೇ, ವೈದ್ಯರಾಗಲಿರುವವರ ನಡುವೆಯೇ ನಡೆದ ಸಂಗತಿಯಿದು. ಅವರದು ಎಳೆಯ ವಯಸ್ಸು, ಗಟ್ಟಿ ದೇಹ.

ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು, ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುವವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರು ಬಸವನಗುಡಿ, ಮಲ್ಲೇಶ್ವರಗಳ ಬೀದಿಬೀದಿಗಳಲ್ಲಿಯೂ ಇಂದು ಇದ್ದಾರೆ. ಅವರ ರೋಗನಿರೋಧಕ ಶಕ್ತಿ ಕುಂದಿರುತ್ತದೆ. ಉಳಿದವರಿಗೆ ಸಾಮಾನ್ಯವಾಗಿ ಕೆಲವು ದಿನಗಳ ಭೇದಿಯಾಗಿ ಮುಗಿಯುವ ಸಾಲ್ಮೊನೆಲ್ಲಾ ಸೋಂಕು ಇವರಲ್ಲಿ ಕರುಳನ್ನು ದಾಟಿ ರಕ್ತಕ್ಕೆ ಇಳಿಯಬಲ್ಲದು. ಕಸಿಯಾದವರಿಗೆ ಇನ್ನೊಂದು ಗಂಡಾಂತರವೂ ಉಂಟು: ಭೇದಿಯಾದಾಗ ಟ್ಯಾಕ್ರೊಲಿಮಸ್ ಔಷಧದ ಪ್ರಮಾಣವು ರಕ್ತದಲ್ಲಿ ಏರಬಹುದು, ದೇಹದ ನೀರು ಬತ್ತುವುದೂ ಅದರೊಡನೆ ಸೇರಿದರೆ ಹೊಸ ಮೂತ್ರಪಿಂಡಕ್ಕೇ ಪೆಟ್ಟು. ಕೀಮೋಥೆರಪಿ ಪಡೆಯುತ್ತಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ, ಹೊಟ್ಟೆನೋವು ಇರಲಿ ಬಿಡಲಿ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಿಂದೆ ಉಳಿದ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ತಾವಾಗಿ ನುಂಗುವ ಅಭ್ಯಾಸವಂತೂ ಬೇಡವೇ ಬೇಡ. ಅದು ಕರುಳಿನ ಹಿತಕರ ಜೀವಾಣುಗಳನ್ನು ಅಳಿಸಿ, ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಹಠಮಾರಿ ಜೀವಾಣುವಿಗೆ ಎಡೆಮಾಡಿಕೊಡುತ್ತದೆ. ಇದರ ಬೀಜಕಣಗಳು ಸ್ಯಾನಿಟೈಸರಿಗೆ ಸಾಯವು. ಶುಶ್ರೂಷೆ ಮಾಡುವವರು ಸಾಬೂನು ಹಚ್ಚಿ ನೀರಿನಲ್ಲಿಯೇ ಕೈ ತೊಳೆಯಬೇಕು.

ಇನ್ನು ನಮಗೆ ತುಸು ಸಂಕೋಚದ ಮಾತು. ರಾಮನವಮಿಯ ಬೀದಿಗಳಲ್ಲಿ ಕೊಡುವ ಪಾನಕ, ನೀರುಮಜ್ಜಿಗೆ, ಕೋಸಂಬರಿ ಮೂರೂ ಒಲೆ ಕಾಣದವು. ಮಠಗಳ ಉತ್ಸವಗಳಲ್ಲಿ ಹೆಚ್ಚಿಟ್ಟ ಹಣ್ಣೂ ಹಾಗೆಯೇ. “ಪ್ರಸಾದ ಬೇಡವೆನ್ನಬಾರದು, ಒಂದು ಚಮಚ ತೆಗೆದುಕೊಳ್ಳಿ” ಎಂದು ನಾವೇ ಎಷ್ಟೋ ಬಾರಿ ಒತ್ತಾಯಿಸಿದ್ದೇವೆ. ಎದುರಿಗಿರುವವರು ತಮ್ಮ ಕಾಯಿಲೆಯನ್ನು ಹತ್ತು ಜನರ ಮುಂದೆ ಹೇಳಿಕೊಳ್ಳಲಾರದೆ ಕೈಯೊಡ್ಡುತ್ತಾರೆ. ಭಕ್ತಿಯಿಂದ ಕೊಟ್ಟದ್ದೆಂದು ರೋಗಾಣು ಹಿಂದೆ ಸರಿಯುವುದಿಲ್ಲ. ಕಣ್ಣಿಗೊತ್ತಿಕೊಂಡು ಮನೆಯವರ ಕೈಗೆ ಕೊಟ್ಟರೆ ಪ್ರಸಾದಕ್ಕೆ ಕುಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ದಾಸೋಹದಲ್ಲಿ ಸೇವೆ ಮಾಡುವವರು ಅಂಥವರಿಗೆ ಒಲೆಯಿಂದ ಆಗಷ್ಟೇ ಇಳಿಸಿದ ಅನ್ನ, ಸಾರುಗಳನ್ನು ಮೊದಲ ಸೌಟಿನಲ್ಲೇ ಬಡಿಸಲಿ. ಕುದಿಸಿ ಆರಿಸಿದ ನೀರಿನ ಪಾತ್ರೆಯೊಂದು ಪಂಕ್ತಿಯ ಬಳಿ ಪ್ರತ್ಯೇಕವಾಗಿರಲಿ. ಯಾರು, ಏಕೆ ಎಂದು ಕೇಳುವುದು ಬೇಡ.